ಡೆಸ್ಕ್‌ಟಾಪ್ ಡಿಸ್ಕೋ, ನಾಸ್ ಡಿಸ್ಕೋ, ಸರ್ವರ್ ಡಿಸ್ಕೋ: ರೇಡ್ ಪೆಟ್ಟಿಗೆಗೆ ಯಾವುದು ಹಾಕಬೇಕು?

ರೇಡ್ ಕಟ್ಟಲು, ಅಂದರೆ ಒಂದು ಡಿಸ್ಕ್ ಸತ್ತರೂ ಡೇಟಾ ಉಳಿಯುವಂತೆ ಹಲವು ಡಿಸ್ಕನ್ನು ಒಂದಾಗಿ ಜೋಡಿಸಲು, ಎಂಟು ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್ ಬೇಕು ಅಂತ ಅಂಗಡಿಗೆ ಹೋದರೆ ನಾಲ್ಕು ಬಗೆಯ ಮಾಲು ಮುಂದೆ ಬರುತ್ತದೆ: ಮನೆ ಕಂಪ್ಯೂಟರಿಗೆ ಹಾಕುವ ಡೆಸ್ಕ್‌ಟಾಪ್ ಡಿಸ್ಕ್, ಸಿಸಿಟಿವಿ ರೆಕಾರ್ಡರಿಗೆ ಹಾಕುವ ಸರ್ವೇಲೆನ್ಸ್ ಡಿಸ್ಕ್, ನಾಸ್‌ಗೆ (ನೆಟ್‌ವರ್ಕಿನಲ್ಲಿ ಎಲ್ಲರೂ ಬಳಸುವ ಡಿಸ್ಕ್ ಡಬ್ಬಕ್ಕೆ) ಹಾಕುವ ನಾಸ್ ಡಿಸ್ಕ್ ಮತ್ತು ಸರ್ವರ್ ದರ್ಜೆಯ ಎಂಟರ್‌ಪ್ರೈಸ್ ಡಿಸ್ಕ್. ಎಲ್ಲದರ ಮೇಲೂ 8 ಟಿಬಿ ಅಂತಲೇ ಬರೆದಿರುತ್ತದೆ, ಎಲ್ಲಕ್ಕೂ ಅದೇ ಸಾಟಾ ಕೇಬಲ್. ಬೆಲೆ ಮಾತ್ರ ಬೇರೆ. ಅಗ್ಗದ್ದನ್ನು ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ. "ಏನೂ ಆಗಲ್ಲ" ಅನ್ನುವವರೂ ಸರಿ, "ಎಲ್ಲ ಹೋಗುತ್ತೆ" ಅನ್ನುವವರೂ ಸರಿ. ಇಬ್ಬರೂ ಹಾಕಿದ್ದು ಬೇರೆ ಬೇರೆ ಡಿಸ್ಕ್, ಬೇರೆ ಬೇರೆ ರೇಡ್, ಅಷ್ಟೇ.

ಇಲ್ಲಿ ಲೆಕ್ಕಕ್ಕೆ ಹಿಡಿದಿರುವುದು ನಾಲ್ಕರಿಂದ ಎಂಟು ಡಿಸ್ಕಿನ ಪೆಟ್ಟಿಗೆ. ಫೋಟೋ–ವಿಡಿಯೋ ಸ್ಟುಡಿಯೋ, ಡಿಟಿಪಿ ಕಚೇರಿ, ಆಡಿಟರ್ ಆಫೀಸು, ಮನೆ, ಹೀಗೆ ಎಲ್ಲಿ ಬೇಕಾದರೂ ಇರುವಂಥದ್ದು. ಲಿನಕ್ಸಿನೊಳಗೇ ಇರುವ ರೇಡ್ ಸಾಫ್ಟ್‌ವೇರಾದ ಎಂಡಿ ರೇಡ್, ರೇಡ್ ಕೆಲಸವನ್ನೂ ತಾನೇ ಮಾಡುವ ಝಡ್‌ಎಫ್‌ಎಸ್ ಫೈಲ್ ಸಿಸ್ಟಮ್, ಅಥವಾ ರೆಡಿಮೇಡ್ ನಾಸ್ ಡಬ್ಬ.

ಅಂದಹಾಗೆ, ರೇಡ್ ಹುಟ್ಟಿದ್ದೇ ಅಗ್ಗದ ಡಿಸ್ಕ್‌ಗಳಿಗಾಗಿ. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ಬರೆದ ಪ್ರಬಂಧದಲ್ಲಿ ಆ ಹೆಸರಿನ 'ಐ' ಅಕ್ಷರಕ್ಕೆ 'ಇನ್‌ಎಕ್ಸ್‌ಪೆನ್ಸಿವ್' ಎಂದೇ ಅರ್ಥ. ಮೇನ್‌ಫ್ರೇಮಿನ ದೊಡ್ಡ ದುಬಾರಿ ಡಿಸ್ಕಿನ ಬದಲು ಪಿಸಿಯ ಪುಟ್ಟ ಡಿಸ್ಕ್‌ಗಳನ್ನು ಗುಂಪು ಕಟ್ಟುವುದು ಅವರ ಲೆಕ್ಕ. ಮಾರುವವರು ಮುಂದೆ ಅದನ್ನು 'ಇಂಡಿಪೆಂಡೆಂಟ್' ಮಾಡಿಕೊಂಡರು. ಹಾಗಾಗಿ ಅಗ್ಗದ ಡಿಸ್ಕ್ ಹಾಕುವುದು ಅಪರಾಧವೇನಲ್ಲ. ಆದರೆ ಇವತ್ತಿನ ಅಗ್ಗದ ಡಿಸ್ಕ್‌ಗೆ ಎರಡು ಗುಣ ಅಂಟಿಕೊಂಡಿವೆ, ಅವು ರೇಡ್‌ಗೆ ಆಗಿಬರುವುದಿಲ್ಲ. ಬೆಲೆಗಿಂತ ಮೊದಲು ನೋಡಬೇಕಾದ್ದು ಅವನ್ನೇ.

ಮೊದಲನೆಯದು: ಹಂಚಿನ ಮಾಡು

ಮಂಗಳೂರು ಹಂಚಿನ ಮಾಡಿನಲ್ಲಿ ಒಂದರ ಅಂಚಿನ ಮೇಲೆ ಇನ್ನೊಂದು ಕೂತಿರುತ್ತದೆ. ನಡುವಿನ ಒಂದು ಹಂಚು ಬದಲಿಸಬೇಕಾದರೆ ಅದರ ಮೇಲೆ ಕೂತವನ್ನೂ ಎತ್ತಬೇಕು. ಎಸ್‌ಎಂಆರ್ ಡಿಸ್ಕ್ ಮಾಡುವುದೂ ಅದನ್ನೇ. ಅದೇ ತಟ್ಟೆಯಲ್ಲಿ ಹೆಚ್ಚು ಜಾಗ ಸಿಗಲಿ ಅಂತ ಒಂದು ಟ್ರ್ಯಾಕಿನ, ಅಂದರೆ ಡೇಟಾ ಬರೆಯುವ ಸುತ್ತುಗೆರೆಯ, ಅಂಚಿನ ಮೇಲೆ ಮುಂದಿನ ಟ್ರ್ಯಾಕನ್ನು ಬರೆಯುತ್ತದೆ. ಓದಲು ತೊಂದರೆಯಿಲ್ಲ. ನಡುವೆ ಒಂದು ಕಡೆ ಮಾತ್ರ ತಿದ್ದಬೇಕೆಂದರೆ ಆ ಇಡೀ ಪಟ್ಟಿಯನ್ನು ಓದಿ, ತಿದ್ದಿ, ಮತ್ತೆ ಬರೆಯಬೇಕು. ಒಂದು ಪಟ್ಟಿ ಸಾಮಾನ್ಯವಾಗಿ 256 ಎಂಬಿ. ಈ ನಿಧಾನ ಕಾಣದಿರಲಿ ಅಂತ ಡಿಸ್ಕಿನ ಒಂದು ಭಾಗವನ್ನು ಮಾಮೂಲಿ ಶೈಲಿಯಲ್ಲಿ, ಅಂದರೆ ಸಿಎಂಆರ್ ಆಗಿ ಬಿಟ್ಟಿರುತ್ತಾರೆ. ಬಂದದ್ದನ್ನು ಮೊದಲು ಅಲ್ಲಿಗೆ ಸುರಿದುಕೊಂಡು, ಬಿಡುವಾದಾಗ ಜಾಗಕ್ಕೆ ಸಾಗಿಸುತ್ತದೆ.

ಮನೆ ಕಂಪ್ಯೂಟರಿನಲ್ಲಿ ಬಿಡುವು ಧಾರಾಳ. ರೇಡ್‌ನಲ್ಲಿ ಒಂದು ಡಿಸ್ಕ್ ಸತ್ತು, ಹೊಸದು ಹಾಕಿ ರೀಬಿಲ್ಡ್ (ಸತ್ತ ಡಿಸ್ಕಿನ ಡೇಟಾವನ್ನು ಹೊಸದರಲ್ಲಿ ಮತ್ತೆ ಕಟ್ಟುವುದು) ಶುರುವಾದಾಗ ಬಿಡುವೆಂಬುದೇ ಇಲ್ಲ, ಹತ್ತಿಪ್ಪತ್ತು ಗಂಟೆ ಎಡೆಬಿಡದೆ ಬರೆಯುವ ಕೆಲಸ. ಆ ತಾತ್ಕಾಲಿಕ ಜಾಗ ತುಂಬುತ್ತದೆ, ವೇಗ ಕುಸಿಯುತ್ತದೆ, ಕೆಲವೊಮ್ಮೆ ಡಿಸ್ಕ್ ಉತ್ತರ ಕೊಡುವುದನ್ನೇ ನಿಲ್ಲಿಸುತ್ತದೆ. ಝಡ್‌ಎಫ್‌ಎಸ್‌ಗೆ ಇದು ಹೆಚ್ಚು ಪೆಟ್ಟು, ಯಾಕೆಂದರೆ ಅದರ ರೀಬಿಲ್ಡ್ ಡಿಸ್ಕಿನ ಆರಂಭದಿಂದ ಕೊನೆಗೆ ಸಾಲಾಗಿ ಹೋಗುವುದಿಲ್ಲ. ಎಂಡಿ ರೇಡ್ ಸಾಲಾಗಿ ಬರೆಯುತ್ತದಾದ್ದರಿಂದ ಎಸ್‌ಎಂಆರ್ ಡಿಸ್ಕಿನ ಮೇಲೂ ರೀಬಿಲ್ಡ್ ಕೆಲವೊಮ್ಮೆ ದಡ ಸೇರುತ್ತದೆ. ಆಮೇಲೆ ದಿನನಿತ್ಯದ ಚಿಲ್ಲರೆ ಬರಹದಲ್ಲಿ ನರಳುತ್ತದೆ.

2020ರ ಏಪ್ರಿಲ್‌ನಲ್ಲಿ ಇದು ದೊಡ್ಡ ಗಲಾಟೆಯಾಯಿತು. ವೆಸ್ಟರ್ನ್ ಡಿಜಿಟಲ್ (ಡಬ್ಲ್ಯುಡಿ) ಕಂಪನಿಯ ರೆಡ್ ಸರಣಿಯ, ಅಂದರೆ ನಾಸ್‌ಗೆಂದೇ ಮಾರುತ್ತಿದ್ದ, 2ರಿಂದ 6 ಟಿಬಿಯ ಕೆಲವು ಮಾದರಿಗಳು ಎಸ್‌ಎಂಆರ್ ಎಂದು ಬಯಲಾಯಿತು. ಪೆಟ್ಟಿಗೆಯ ಮೇಲೆ ಅದರ ಸುಳಿವೇ ಇರಲಿಲ್ಲ. ಹಳೆಯ ಡಬ್ಲ್ಯುಡಿ40ಇಎಫ್‌ಆರ್‌ಎಕ್ಸ್ ಸಿಎಂಆರ್, ಹೊಸ ಡಬ್ಲ್ಯುಡಿ40ಇಎಫ್‌ಎಎಕ್ಸ್ ಎಸ್‌ಎಂಆರ್. ಅಕ್ಷರ ಒಂದೇ ಬದಲು, ಜಾತಿಯೇ ಬದಲು. ಆಮೇಲೆ ಕಂಪನಿ ಸಿಎಂಆರ್ ಡಿಸ್ಕ್‌ಗಳನ್ನು ರೆಡ್ ಪ್ಲಸ್ ಎಂದು ಬೇರೆ ಮಾಡಿತು. ಆದ್ದರಿಂದ ಇವತ್ತು ಬರೀ 'ರೆಡ್' ಬೇಡ, 'ರೆಡ್ ಪ್ಲಸ್' ಅಥವಾ 'ರೆಡ್ ಪ್ರೊ' ಎಂದೇ ಕೇಳಬೇಕು. ಸೀಗೇಟ್‌ನ ಐರನ್‌ವುಲ್ಫ್, ತೋಶಿಬಾದ ಎನ್300 ಸಿಎಂಆರ್.

ಡೆಸ್ಕ್‌ಟಾಪ್ ಕಡೆ ಬಂದರೆ ಪಟ್ಟಿ ಅಷ್ಟು ಖುಷಿ ಕೊಡುವುದಿಲ್ಲ. ಸೀಗೇಟ್ ಬಾರಾಕುಡಾದ 2 ಟಿಬಿ (ಎಸ್‌ಟಿ2000ಡಿಎಂ008), 4 ಟಿಬಿ (ಎಸ್‌ಟಿ4000ಡಿಎಂ004), 8 ಟಿಬಿ (ಎಸ್‌ಟಿ8000ಡಿಎಂ004) ಮೂರೂ ಎಸ್‌ಎಂಆರ್. ಡಬ್ಲ್ಯುಡಿ ಬ್ಲೂ 4 ಟಿಬಿಯಲ್ಲಿ ಇಝಡ್‌ಆರ್‌ಝಡ್ ಎಂದು ಮುಗಿಯುವುದು ಸಿಎಂಆರ್, ಇಝಡ್‌ಎಝಡ್ ಎಂದು ಮುಗಿಯುವುದು ಎಸ್‌ಎಂಆರ್. ತೋಶಿಬಾ ಪಿ300ರಲ್ಲಿ 4 ಮತ್ತು 6 ಟಿಬಿ ಎಸ್‌ಎಂಆರ್, ಅದೇ ಕಂಪನಿಯ ಎಕ್ಸ್300 ಸಿಎಂಆರ್. ಅಂದರೆ ರೇಡ್‌ಗೆ ಯೋಗ್ಯವಾದ ಡೆಸ್ಕ್‌ಟಾಪ್ ಡಿಸ್ಕ್ ಈಗ ಬೆರಳೆಣಿಕೆಯಷ್ಟೇ. ಹತ್ತು ವರ್ಷದ ಹಿಂದಿನ ಸಲಹೆಯನ್ನು ಇವತ್ತು ಕಣ್ಣುಮುಚ್ಚಿ ಅನುಸರಿಸಿದರೆ ಎಡವುವುದು ಇಲ್ಲೇ.

ಬಿಲ್ ಮಾಡಿಸುವ ಮೊದಲು ಲೇಬಲ್ಲಿನ ಪೂರ್ತಿ ಮಾದರಿ ಸಂಖ್ಯೆಯನ್ನು ಕಂಪನಿಯ ಡೇಟಾಶೀಟ್‌ನಲ್ಲಿ ಹುಡುಕಿ. ಮೂರೂ ಕಂಪನಿಗಳು ಈಗ ಸಿಎಂಆರ್–ಎಸ್‌ಎಂಆರ್ ಪಟ್ಟಿ ಪ್ರಕಟಿಸುತ್ತವೆ. ಡಿಸ್ಕ್ ಕೈಗೆ ಬಂದ ಮೇಲೆ ಸುಳಿವು ಬೇಕಾದರೆ ಸ್ಮಾರ್ಟ್ ಮಾಹಿತಿ, ಅಂದರೆ ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳುವ ದಾಖಲೆ, ನೋಡಿ. ತಿರುಗುವ ಡಿಸ್ಕ್ 'ಟ್ರಿಮ್' (ಯಾವ ಜಾಗ ಖಾಲಿಯಾಯಿತು ಎಂದು ಡಿಸ್ಕಿಗೆ ತಿಳಿಸುವ ಆಜ್ಞೆ) ಗೊತ್ತು ಅಂದರೆ ಅದು ಬಹುಮಟ್ಟಿಗೆ ಎಸ್‌ಎಂಆರ್. ಟ್ರಿಮ್ ಇಲ್ಲ ಅಂದಮಾತ್ರಕ್ಕೆ ಸಿಎಂಆರ್ ಎಂದು ತಿಳಿಯಬೇಡಿ.

ಎರಡನೆಯದು: ಹಟಮಾರಿ ಡಿಸ್ಕ್

ಇದು ಹೆಚ್ಚು ಜನರಿಗೆ ಗೊತ್ತಿಲ್ಲ. ಆದರೆ ಚೆನ್ನಾಗಿರುವ ಡಿಸ್ಕ್‌ಗಳಿದ್ದೂ ರೇಡ್ ಮುರಿದು ಬೀಳುವುದು ಬಹಳ ಸಲ ಇದರಿಂದಲೇ.

ಒಂದು ಸೆಕ್ಟರ್, ಅಂದರೆ ಡಿಸ್ಕಿನ ಒಂದು ಪುಟ್ಟ ತುಣುಕು, ಸರಿಯಾಗಿ ಓದಲು ಬರುತ್ತಿಲ್ಲ ಅಂದುಕೊಳ್ಳಿ. ಡೆಸ್ಕ್‌ಟಾಪ್ ಡಿಸ್ಕಿಗೆ ಗೊತ್ತಿರುವುದು, ತನ್ನನ್ನು ಬಿಟ್ಟರೆ ಈ ಮಾಹಿತಿ ಇನ್ನೆಲ್ಲೂ ಇಲ್ಲ ಅಂತ. ಹಾಗಾಗಿ ಹೆಡ್ಡನ್ನು ಚೂರು ಆಚೆ ಈಚೆ ಸರಿಸಿ ಮತ್ತೆ ಮತ್ತೆ ಓದುತ್ತದೆ. ಒಂದು ನಿಮಿಷ, ಕೆಲವು ಮಾದರಿಗಳಲ್ಲಿ ಎರಡು ನಿಮಿಷ ದಾಟಿದರೂ ಬಿಡುವುದಿಲ್ಲ. ಅಷ್ಟು ಹೊತ್ತು ಬೇರೆ ಯಾವ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ. ನಾಸ್ ಮತ್ತು ಸರ್ವರ್ ಡಿಸ್ಕ್ ಏಳು ಸೆಕೆಂಡು ನೋಡಿ, "ಇದು ಓದಲಾಗಲಿಲ್ಲ" ಎಂದು ಒಪ್ಪಿಕೊಳ್ಳುತ್ತದೆ. ಈ ಗುಣಕ್ಕೆ ವೆಸ್ಟರ್ನ್ ಡಿಜಿಟಲ್ ಟಿಎಲ್‌ಇಆರ್ ಎನ್ನುತ್ತದೆ, ಸೀಗೇಟ್ ಇಆರ್‌ಸಿ ಎನ್ನುತ್ತದೆ. ವಿಷಯ ಒಂದೇ.

ಈಗ ಲಿನಕ್ಸ್ ಕಡೆ ನೋಡಿ. ಲಿನಕ್ಸಿನ ತಿರುಳಾದ ಕರ್ನಲ್ ಒಂದು ಆಜ್ಞೆಗೆ 30 ಸೆಕೆಂಡು ಕಾಯುತ್ತದೆ. ಡಿಸ್ಕ್ ಏಳನೇ ಸೆಕೆಂಡಿಗೆ ತಪ್ಪೊಪ್ಪಿಕೊಂಡರೆ ರೇಡ್ ಉಳಿದ ಡಿಸ್ಕ್ ಮತ್ತು ಪ್ಯಾರಿಟಿಯಿಂದ (ಕಳೆದದ್ದನ್ನು ಮತ್ತೆ ಕಂಡುಹಿಡಿಯಲೆಂದೇ ಬರೆದಿಟ್ಟ ಹೆಚ್ಚುವರಿ ಲೆಕ್ಕದಿಂದ) ಆ ತುಣುಕನ್ನು ಲೆಕ್ಕ ಹಾಕಿ, ಅದೇ ಜಾಗಕ್ಕೆ ಮತ್ತೆ ಬರೆಯುತ್ತದೆ. ಡಿಸ್ಕ್ ಆ ಕೆಟ್ಟ ಸೆಕ್ಟರಿಗೆ ಬದಲಿ ಜಾಗ ಕೊಡುತ್ತದೆ. ಲಾಗ್‌ನಲ್ಲಿ ಒಂದು ಸಾಲು, ಕೆಲಸ ಮುಗಿಯಿತು. ಡಿಸ್ಕ್ ಹಟ ಹಿಡಿದರೆ ಕಥೆ ಬೇರೆ. 30 ಸೆಕೆಂಡಿಗೆ ಕರ್ನಲ್ ತಾಳ್ಮೆಗೆಟ್ಟು ಲಿಂಕನ್ನು ರೀಸೆಟ್ ಮಾಡುತ್ತದೆ. ಡಿಸ್ಕ್ ಇನ್ನೂ ಓದುವುದರಲ್ಲೇ ಮುಳುಗಿರುತ್ತದೆ, ಓಗೊಡುವುದಿಲ್ಲ. ಕೊನೆಗೆ ಕರ್ನಲ್ ಡಿಸ್ಕನ್ನೇ ಆಫ್‌ಲೈನ್ ಮಾಡುತ್ತದೆ, ರೇಡ್ ಅದನ್ನು ಹೊರಗೆ ಹಾಕುತ್ತದೆ. ಒಂದು ಸೆಕ್ಟರಿನ ತೊಂದರೆಗೆ 8 ಟಿಬಿ ಹೊರಗೆ. ನೀವು ಹೊಸ ಡಿಸ್ಕ್ ಹಾಕಿ ರೀಬಿಲ್ಡ್ ಶುರು ಮಾಡುತ್ತೀರಿ. ಆಗ ಉಳಿದ ಡಿಸ್ಕ್‌ಗಳ ಮೂಲೆಮೂಲೆಯನ್ನೂ ಓದಬೇಕು. ಇನ್ನೊಂದರಲ್ಲಿ ಇದ್ದ ಅಂಥದ್ದೇ ಒಂದು ಸೆಕ್ಟರ್ ಎದುರಾಗುತ್ತದೆ, ಅದೂ ಹಟ ಹಿಡಿಯುತ್ತದೆ, ಅದೂ ಹೊರಗೆ. ಒಂದೇ ಡಿಸ್ಕಿನ ಸಾವನ್ನು ತಡೆಯಬಲ್ಲ ರೇಡ್ 5 ಆಗಿದ್ದರೆ ಅಲ್ಲಿಗೆ ಮುಗಿಯಿತು.

ರೇಡ್ ಕೆಲಸವನ್ನು ತಾವೇ ಮಾಡುವ ಹಾರ್ಡ್‌ವೇರ್ ರೇಡ್ ಕಾರ್ಡ್‌ಗಳಿಗೆ ತಾಳ್ಮೆ ಇನ್ನೂ ಕಡಿಮೆ. ಹಲವು ಕಾರ್ಡ್‌ಗಳು ಎಂಟು ಸೆಕೆಂಡಿನ ಆಸುಪಾಸಿನಲ್ಲೇ ಡಿಸ್ಕನ್ನು ಹೊರದಬ್ಬುತ್ತವೆ, ಆ ಅವಧಿ ಹೆಚ್ಚಿಸಲು ದಾರಿ ಇರುವುದೂ ಅಪರೂಪ. ಇಆರ್‌ಸಿ ಇಲ್ಲದ ಡಿಸ್ಕನ್ನು ಹಾರ್ಡ್‌ವೇರ್ ರೇಡ್‌ಗೆ ಹಾಕಲೇಬೇಡಿ ಅನ್ನುವುದು ಇದಕ್ಕೇ. ಇದರಲ್ಲಿ ರಾಜಿಯಿಲ್ಲ.

ಎಂಡಿ ರೇಡ್ ಮತ್ತು ಲಿನಕ್ಸಿನ ಝಡ್‌ಎಫ್‌ಎಸ್‌ನಲ್ಲಿ ಪರಿಹಾರ ನಿಮ್ಮ ಕೈಯಲ್ಲೇ ಇದೆ. ಸ್ಮಾರ್ಟ್‌ಸಿಟಿಎಲ್ ಪ್ರೋಗ್ರಾಮಿನ ಎಸ್‌ಸಿಟಿಇಆರ್‌ಸಿ ಆಯ್ಕೆಯಲ್ಲಿ ಡಿಸ್ಕನ್ನು ಕೇಳಿ. "ಸಪೋರ್ಟ್ ಇಲ್ಲ" ಅನ್ನದೆ ಅಂಕಿ ತೋರಿಸಿದರೆ, ಅಥವಾ 'ಡಿಸೇಬಲ್ಡ್' ಎಂದರೆ, ಅದೇ ಆಯ್ಕೆಗೆ 70,70 ಎಂದು ಕೊಡಿ. ಅದು ಸೆಕೆಂಡಿನ ಹತ್ತನೇ ಒಂದು ಭಾಗದ ಲೆಕ್ಕ, ಅಂದರೆ ಓದಲು 7 ಸೆಕೆಂಡು, ಬರೆಯಲು 7 ಸೆಕೆಂಡು. ಸಪೋರ್ಟ್ ಇಲ್ಲ ಎಂದರೆ ಕರ್ನಲ್‌ನ ತಾಳ್ಮೆ ಹೆಚ್ಚಿಸಿ: ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಸೆಟ್ಟಿಂಗ್‌ಗಳು ಕಡತಗಳಾಗಿ ಕಾಣುವ ಜಾಗದಲ್ಲಿ) ಆ ಡಿಸ್ಕಿನ 'ಡಿವೈಸ್' ಫೋಲ್ಡರಿನೊಳಗಿನ 'ಟೈಮ್‌ಔಟ್' ಕಡತಕ್ಕೆ 30ರ ಬದಲು 180 ಬರೆಯಿರಿ. ಆಗ ಡಿಸ್ಕ್ ಹಟ ಮಾಡುವಾಗ ಇಡೀ ಸರ್ವರ್ ಎರಡು ನಿಮಿಷ ಸ್ತಬ್ಧವಾಗುತ್ತದೆ, ಆದರೆ ರೇಡ್ ಮುರಿಯುವುದಿಲ್ಲ. ಎರಡೂ ಸೆಟ್ಟಿಂಗ್ ಕರೆಂಟ್ ಹೋಗಿ ಬಂದರೆ ಅಳಿಸಿಹೋಗುತ್ತವೆ. ಪ್ರತಿ ಬೂಟ್‌ನಲ್ಲೂ ಓಡುವ ಒಂದು ಸಣ್ಣ ಸ್ಕ್ರಿಪ್ಟ್‌ನಲ್ಲೋ ಡಿಸ್ಕ್ ಕಂಡೊಡನೆ ಓಡುವ ಯುಡೆವ್ ನಿಯಮದಲ್ಲೋ ಇವನ್ನು ಹಾಕಿಡಬೇಕು. ಒಂದೇ ಡಿಸ್ಕ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಈ 70,70 ಬೇಡ. ಅಲ್ಲಿ ಡಿಸ್ಕ್ ಹಟ ಹಿಡಿಯುವುದೇ ಒಳ್ಳೆಯದು.

ಡೇಟಾಶೀಟ್‌ನ ಅಂಕಿಗಳು: ಯಾವುದಕ್ಕೆ ತಲೆ ಕೆಡಿಸಿಕೊಳ್ಳಬೇಕು

ಬಾರಾಕುಡಾದಂಥ ಡೆಸ್ಕ್‌ಟಾಪ್ ಡಿಸ್ಕಿಗೆ ವರ್ಷಕ್ಕೆ 2400 ಗಂಟೆ ಓಟ, 55 ಟಿಬಿ ಕೆಲಸ, ಎರಡು ವರ್ಷ ವಾರಂಟಿ. ಐರನ್‌ವುಲ್ಫ್, ರೆಡ್ ಪ್ಲಸ್‌ಗಳಿಗೆ 8760 ಗಂಟೆ, ಅಂದರೆ ವರ್ಷವಿಡೀ, 180 ಟಿಬಿ, ಮೂರು ವರ್ಷ. ಎಕ್ಸೋಸ್, ಅಲ್ಟ್ರಾಸ್ಟಾರ್‌ನಂಥ ಸರ್ವರ್ ಡಿಸ್ಕಿಗೆ 550 ಟಿಬಿ, ಐದು ವರ್ಷ.

ಈ 55 ಟಿಬಿ ಎಷ್ಟು ಬೇಗ ಮುಗಿಯುತ್ತದೆ ಗೊತ್ತೇ? ಬರೆದದ್ದಷ್ಟೇ ಅಲ್ಲ, ಓದಿದ್ದೂ ಇದರಲ್ಲಿ ಸೇರುತ್ತದೆ. ಡೆಬಿಯನ್ ಲಿನಕ್ಸಿನಲ್ಲಿ ಎಂಡಿ ರೇಡ್ ತಿಂಗಳಿಗೊಮ್ಮೆ, ಮೊದಲ ಭಾನುವಾರ, ಇಡೀ ಡಿಸ್ಕನ್ನು ತಾನಾಗಿ ಓದಿ ಪರೀಕ್ಷಿಸುತ್ತದೆ. 8 ಟಿಬಿ ಡಿಸ್ಕಾದರೆ ವರ್ಷಕ್ಕೆ 8 × 12 = 96 ಟಿಬಿ. ನೀವು ಒಂದು ಫೈಲನ್ನೂ ಮುಟ್ಟದಿದ್ದರೂ ಕೋಟಾ ಮುಗಿದು ಮುಕ್ಕಾಲು ಪಾಲು ಹೆಚ್ಚೇ ಆಯಿತು. ಹಾಗಂತ 56ನೇ ಟಿಬಿಗೆ ಡಿಸ್ಕ್ ಸಾಯುವುದಿಲ್ಲ. ಇದು ಕಂಪನಿ ಯಾವ ಬಳಕೆಯನ್ನು ಮನಸ್ಸಿನಲ್ಲಿಟ್ಟು ಮಾಡಿದೆ ಅನ್ನುವ ಸೂಚನೆ. ಈ ಪರೀಕ್ಷೆಯನ್ನು, ಅಂದರೆ ಸ್ಕ್ರಬ್ ಅನ್ನು, ನಿಲ್ಲಿಸಿ ಡಿಸ್ಕ್ ಉಳಿಸುತ್ತೇನೆ ಅನ್ನುವುದು ಮಾತ್ರ ತಪ್ಪು ಲೆಕ್ಕ; ಅಡಗಿ ಕೂತ ಕೆಟ್ಟ ಸೆಕ್ಟರ್‌ಗಳು ರೀಬಿಲ್ಡ್‌ಗೆ ಮೊದಲೇ ಬೆಳಕಿಗೆ ಬರುವುದು ಸ್ಕ್ರಬ್‌ನಿಂದ. ಡೆಸ್ಕ್‌ಟಾಪ್ ಡಿಸ್ಕ್ ಇದ್ದರೆ ಎರಡು ತಿಂಗಳಿಗೊಮ್ಮೆ ಮಾಡಿ, ಅಷ್ಟು ಸಾಕು. ಝಡ್‌ಎಫ್‌ಎಸ್ ಆದರೆ ಡೇಟಾ ಇರುವಷ್ಟನ್ನು ಮಾತ್ರ ಓದುತ್ತದೆ, ಅರ್ಧ ತುಂಬಿದ ಪೂಲ್‌ಗೆ (ಡಿಸ್ಕ್‌ಗಳ ಗುಂಪಿಗೆ) ಅರ್ಧ ಖರ್ಚು.

ಇನ್ನೊಂದು ಅಂಕಿ ಓದಲಾಗದ ದೋಷದ್ದು. ಡೆಸ್ಕ್‌ಟಾಪ್ ಡಿಸ್ಕಿಗೆ ಹತ್ತರ ಹದಿನಾಲ್ಕನೇ ಘಾತದಷ್ಟು ಬಿಟ್‌ಗೆ ಒಂದು, ಅಂದರೆ 12.5 ಟಿಬಿ ಓದಿದರೆ ಒಂದು ದೋಷ. ಸರ್ವರ್ ಡಿಸ್ಕಿಗೆ ಅದರ ಹತ್ತು ಪಟ್ಟು, 125 ಟಿಬಿಗೆ ಒಂದು. 8 ಟಿಬಿಯ ನಾಲ್ಕು ಡಿಸ್ಕಿನ ರೇಡ್ 5 ರೀಬಿಲ್ಡ್ ಆಗಲು ಉಳಿದ ಮೂರರಿಂದ 24 ಟಿಬಿ ಓದಬೇಕು. ಈ ಅಂಕಿಯನ್ನು ಅಕ್ಷರಶಃ ನಂಬಿದರೆ ಡೆಸ್ಕ್‌ಟಾಪ್ ಡಿಸ್ಕಿನಲ್ಲಿ ಎಡವುವ ಸಂಭವ ಶೇ. 85, ಸರ್ವರ್ ಡಿಸ್ಕಿನಲ್ಲಿ ಶೇ. 17ರ ಆಸುಪಾಸು. ಇದನ್ನೇ ಹಿಡಿದು "ರೇಡ್ 5 ಸತ್ತಿದೆ" ಎಂದು ಸಾರುವವರಿದ್ದಾರೆ. ನಿಜದಲ್ಲಿ ಡಿಸ್ಕ್‌ಗಳು ಇದಕ್ಕಿಂತ ಎಷ್ಟೋ ವಾಸಿ. ಆ ಅಂಕಿ ಒಂದು ಮೇಲ್ಮಿತಿ, ಸರಾಸರಿಯಲ್ಲ. ಸ್ಕ್ರಬ್ ಆಗಿರುವ ಪೂಲ್‌ಗಳು ಹತ್ತಾರು ಟಿಬಿಯನ್ನು ಒಂದೂ ದೋಷವಿಲ್ಲದೆ ಓದುತ್ತವೆ. ಆದರೂ ದೊಡ್ಡ ಡಿಸ್ಕ್‌ಗೆ ಒಂದೇ ಪ್ಯಾರಿಟಿ ನೆಚ್ಚಬಾರದು ಎನ್ನಲು ಕಾರಣ ಇನ್ನೊಂದಿದೆ. ಸೆಕೆಂಡಿಗೆ ಸರಾಸರಿ 150 ಎಂಬಿ ವೇಗದಲ್ಲಿ 8 ಟಿಬಿ ಬರೆಯಲು ಸುಮಾರು 15 ಗಂಟೆ ಬೇಕು. ಆ 15 ಗಂಟೆ ಒಂದೇ ವಯಸ್ಸಿನ, ಒಂದೇ ಬ್ಯಾಚಿನ ಉಳಿದ ಡಿಸ್ಕ್‌ಗಳು ಎಂದೂ ಮಾಡದಷ್ಟು ದುಡಿಯುತ್ತಿರುತ್ತವೆ.

ಸಾಯುವ ಪ್ರಮಾಣದಲ್ಲಿ ದರ್ಜೆಯ ಅಂತರ ಜಾಹೀರಾತು ಹೇಳುವಷ್ಟಿಲ್ಲ. 2007ರಲ್ಲಿ ಕಾರ್ನೆಗಿ ಮೆಲನ್‌ನ ಶ್ರೋಡರ್ ಮತ್ತು ಗಿಬ್ಸನ್ ಸುಮಾರು ಒಂದು ಲಕ್ಷ ಡಿಸ್ಕ್‌ಗಳ ದಾಖಲೆ ನೋಡಿದಾಗ ಡಿಸ್ಕ್ ಬದಲಿಸಿದ ಪ್ರಮಾಣದಲ್ಲಿ ಸಾಟಾಕ್ಕೂ ದುಬಾರಿ ಸ್ಕಸಿ, ಫೈಬರ್ ಚಾನೆಲ್ ಡಿಸ್ಕ್‌ಗಳಿಗೂ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಡೇಟಾಶೀಟ್ ಪ್ರಕಾರ ವರ್ಷಕ್ಕೆ ಶೇ. 0.88 ದಾಟಬಾರದಿತ್ತು, ಆದದ್ದು ಸಾಮಾನ್ಯವಾಗಿ 2ರಿಂದ 4. ಆನ್‌ಲೈನ್ ಬ್ಯಾಕಪ್ ಕಂಪನಿ ಬ್ಯಾಕ್‌ಬ್ಲೇಜ್ 2011ರ ಥಾಯ್ಲೆಂಡ್ ಪ್ರವಾಹದ ನಂತರ ಡಿಸ್ಕ್ ಬೆಲೆ ಏರಿದಾಗ ಅಂಗಡಿಯ ಯುಎಸ್‌ಬಿ ಡಿಸ್ಕ್‌ಗಳನ್ನು ಕೊಂಡು, ಒಡೆದು, ತನ್ನ 45 ಡಿಸ್ಕಿನ ಸರ್ವರ್‌ಗಳಿಗೆ ಹಾಕಿತು. ಅವರಿಗೆ ದಕ್ಕಿತು ಎಂದು ಹಲವರು ಉದಾಹರಣೆ ಕೊಡುತ್ತಾರೆ. ಅವರಲ್ಲಿ ದಿನವೂ ಡಿಸ್ಕ್ ಬದಲಿಸುವ ಜನ ಇದ್ದರು ಅನ್ನುವುದನ್ನು ಮರೆಯುತ್ತಾರೆ.

ಸಣ್ಣವೆನಿಸಿದರೂ ಕಾಡುವವು

ಹೆಡ್ ಪಾರ್ಕಿಂಗ್. ಕರೆಂಟ್ ಉಳಿಸಲು ಕೆಲವು ಡಿಸ್ಕ್‌ಗಳು ಕೆಲಸವಿಲ್ಲದ ಕೆಲವೇ ಸೆಕೆಂಡಿಗೆ ಹೆಡ್ಡನ್ನು ಬದಿಗೆ ಸರಿಸಿ ನಿಲ್ಲಿಸುತ್ತವೆ. ಹಳೆಯ ಡಬ್ಲ್ಯುಡಿ ಗ್ರೀನ್‌ನಲ್ಲಿ ಎಂಟೇ ಸೆಕೆಂಡು. ಸರ್ವರಿನಲ್ಲಿ ಅರ್ಧ ನಿಮಿಷಕ್ಕೊಮ್ಮೆ ಏನೋ ಒಂದು ಲಾಗ್ ಬರೆಯುತ್ತಲೇ ಇರುತ್ತದೆ. ಹೆಡ್ ಏಳುವುದು, ಕೂರುವುದು ದಿನಕ್ಕೆ 2880 ಸಲ. ಮೂರು ಲಕ್ಷ ಸಲಕ್ಕೆಂದು ಮಾಡಿದ ಡಿಸ್ಕ್ 104 ದಿನಕ್ಕೆ ಲೆಕ್ಕ ಮುಗಿಸುತ್ತದೆ. ಸ್ಮಾರ್ಟ್‌ನ 193ನೇ ಅಂಕಿ (ಹೆಡ್ ಎದ್ದು ಕೂತ ಲೆಕ್ಕ) ದಿನಕ್ಕೆ ನೂರರ ಮೇಲೆ ಏರುತ್ತಿದ್ದರೆ ಎಚ್‌ಡಿಪಾರ್ಮ್ ಪ್ರೋಗ್ರಾಮಿನ ದೊಡ್ಡ (ಕ್ಯಾಪಿಟಲ್) 'ಬಿ' ಆಯ್ಕೆಗೆ 254 ಕೊಟ್ಟು ನೋಡಿ. ಗ್ರೀನ್‌ಗೆ ಐಡಲ್3 ಎಂಬ ಬೇರೆ ಸಾಧನವೇ ಇದೆ.

ನಡುಕ. ಒಂದೇ ಚೌಕಟ್ಟಿಗೆ ಬಿಗಿದ ಎಂಟು ಡಿಸ್ಕ್ ಒಂದನ್ನೊಂದು ಅಲುಗಿಸುತ್ತವೆ. ನಾಸ್ ಮತ್ತು ಸರ್ವರ್ ಡಿಸ್ಕ್‌ಗಳಲ್ಲಿ ಹಲವಕ್ಕೆ ಈ ಅಲುಗಾಟವನ್ನು ಅಳೆದು ಹೆಡ್ಡನ್ನು ಸರಿಪಡಿಸುವ ಸೆನ್ಸರ್ ಇರುತ್ತದೆ, ಡೆಸ್ಕ್‌ಟಾಪ್‌ಗೆ ಇರುವುದಿಲ್ಲ. ನಾಲ್ಕರವರೆಗೆ, ರಬ್ಬರ್ ಬುಷ್ ಹಾಕಿದ ಟ್ರೇ ಇದ್ದರೆ, ವ್ಯತ್ಯಾಸ ಕಾಣುವುದಿಲ್ಲ. ಎಂಟು ದಾಟಿದರೆ ಡೆಸ್ಕ್‌ಟಾಪ್ ಡಿಸ್ಕ್ ಮರೆತುಬಿಡಿ.

ಬಿಸಿ. ಡಿಸ್ಕ್ ಸಾಮಾನ್ಯವಾಗಿ ಕೋಣೆಗಿಂತ ಎಂಟು ಹತ್ತು ಡಿಗ್ರಿ ಹೆಚ್ಚು ಬಿಸಿ ಇರುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನ, ಎಸಿ ಇಲ್ಲದ ಕೋಣೆ 40 ಮುಟ್ಟಿದರೆ ಡಿಸ್ಕ್ 50ರಲ್ಲಿ. ಡೇಟಾಶೀಟ್ ಮಿತಿ 60 ಎನ್ನುತ್ತದೆ ನಿಜ, ಆದರೆ ವರ್ಷಗಟ್ಟಲೆ ಬಾಳಬೇಕಾದರೆ 45ರ ಕೆಳಗಿರಲಿ. ಇಂಥ ಕಡೆ ನಿಮಿಷಕ್ಕೆ 7200 ಸುತ್ತಿನ ಸರ್ವರ್ ಡಿಸ್ಕಿಗಿಂತ 5400ರ ಆಸುಪಾಸಿನ ನಾಸ್ ಡಿಸ್ಕ್ ಮೇಲು: ಬಿಸಿ ಕಡಿಮೆ, ಸದ್ದೂ ಕಡಿಮೆ. ಮೂರು–ನಾಲ್ಕು ಡಿಸ್ಕಿಗೆ ಒಂದು 120 ಎಂಎಂ ಫ್ಯಾನ್ ನೇರ ಗಾಳಿ ಬೀಸುವಂತಿರಲಿ.

ಎಸ್‌ಎಂಪಿಎಸ್ (ಪವರ್ ಸಪ್ಲೈ). ತಿರುಗಲು ಶುರು ಮಾಡುವಾಗ ಒಂದು ಡಿಸ್ಕ್ 12 ವೋಲ್ಟ್ ಸಾಲಿನಿಂದ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಎಂಟು ಡಿಸ್ಕ್ ಒಟ್ಟಿಗೆ ಎದ್ದರೆ ಅದೇ 190 ವ್ಯಾಟ್. ಕ್ಯಾಬಿನೆಟ್ ಜೊತೆ ಬರುವ ಅಗ್ಗದ ಎಸ್‌ಎಂಪಿಎಸ್ ಇಲ್ಲಿ ಕೈಕೊಡುತ್ತದೆ. ಡಿಸ್ಕ್ ಸುಮ್ಮಸುಮ್ಮನೆ ಮಾಯವಾಗಿ ಮತ್ತೆ ಬರುತ್ತಿದ್ದರೆ ಡಿಸ್ಕ್ ಬದಲಿಸುವ ಮೊದಲು ಎಸ್‌ಎಂಪಿಎಸ್ ಮತ್ತು ಕೇಬಲ್ ಅನುಮಾನಿಸಿ. ಸ್ಮಾರ್ಟ್‌ನ 199ನೇ ಅಂಕಿ ಏರುತ್ತಿದ್ದರೆ ಬಹುತೇಕ ಕೇಬಲ್ಲೇ. ಒಂದು ಪೋರ್ಟನ್ನು ಐದಾಗಿ ಒಡೆಯುವ ಪೋರ್ಟ್ ಮಲ್ಟಿಪ್ಲೈಯರ್ ಕಾರ್ಡ್ ಬೇಡ. ಒಂದು ಡಿಸ್ಕ್ ರೀಸೆಟ್ ಆದರೆ ಐದೂ ಒಟ್ಟಿಗೆ ಉದುರುತ್ತವೆ.

ಹಾಗಾದರೆ ಯಾರಿಗೆ ಯಾವುದು

ಹಾರ್ಡ್‌ವೇರ್ ರೇಡ್ ಕಾರ್ಡ್, ಅಥವಾ ಎಂಟಕ್ಕಿಂತ ಹೆಚ್ಚು ಡಿಸ್ಕ್, ಅಥವಾ ಹತ್ತು ಜನ ದಿನವಿಡೀ ಬರೆಯುವ ಕಚೇರಿ: ಸರ್ವರ್ ಡಿಸ್ಕ್, ಇಲ್ಲವೇ ರೆಡ್ ಪ್ರೊದಂಥ 'ಪ್ರೊ' ದರ್ಜೆಯ ನಾಸ್ ಡಿಸ್ಕ್. 16 ಟಿಬಿ ಮೇಲ್ಪಟ್ಟರೆ ಸರ್ವರ್ ಡಿಸ್ಕ್ ಪ್ರತಿ ಟಿಬಿಗೆ ನಾಸ್ ಡಿಸ್ಕಿಗಿಂತ ಅಗ್ಗ ಬೀಳುವುದೂ ಉಂಟು, ವಿಚಾರಿಸಿ. ಮಲಗುವ ಕೋಣೆಯ ಪಕ್ಕ ಇಡುವುದಾದರೆ ಮಾತ್ರ ಅದರ ಗೊರಗೊರ ಕೇಳಿ ತೀರ್ಮಾನಿಸಿ.

ನಾಲ್ಕರಿಂದ ಎಂಟು ಡಿಸ್ಕಿನ ಎಂಡಿ ರೇಡ್, ಝಡ್‌ಎಫ್‌ಎಸ್ ಅಥವಾ ನಾಸ್ ಡಬ್ಬ: ಸಿಎಂಆರ್ ನಾಸ್ ಡಿಸ್ಕ್. ಕಣ್ಣುಮುಚ್ಚಿ ಹೇಳಬಹುದಾದ ಉತ್ತರ ಇದೇ. ಆದರೆ ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವುದು ಸರ್ವೇಲೆನ್ಸ್ ಡಿಸ್ಕ್, ಡಬ್ಲ್ಯುಡಿ ಪರ್ಪಲ್ ಅಥವಾ ಸೀಗೇಟ್ ಸ್ಕೈಹಾಕ್. "ಅದು ದೋಷ ಬಂದರೆ ಓದದೆ ಮುಂದೆ ಹೋಗುತ್ತದೆ, ಡೇಟಾ ಕೆಡುತ್ತದೆ" ಎಂಬ ಹೆದರಿಕೆ ಎಲ್ಲ ಕಡೆ ಇದೆ. ಹಾಗೆ ಬಿಟ್ಟು ಮುಂದೆ ಹೋಗುವುದು ರೆಕಾರ್ಡರ್ ವಿಶೇಷ ಸ್ಟ್ರೀಮಿಂಗ್ ಆಜ್ಞೆ ಕೊಟ್ಟಾಗ. ಸರ್ವರ್ ಕೊಡುವುದು ಮಾಮೂಲಿ ಆಜ್ಞೆ. 24 ಗಂಟೆ ಓಟ, 180 ಟಿಬಿ, ಮೂರು ವರ್ಷ ವಾರಂಟಿ ಇವಕ್ಕೂ ಇದೆ. ಸಿಎಂಆರ್ ಹೌದೋ, ಇಆರ್‌ಸಿ ಒಪ್ಪುತ್ತದೋ ಎಂದು ನೋಡಿ ಹಾಕಿದರೆ ಡೆಸ್ಕ್‌ಟಾಪ್ ಡಿಸ್ಕಿಗಿಂತ ಎಷ್ಟೋ ಒಳ್ಳೆಯ ಬದಲಿ.

ಡೆಸ್ಕ್‌ಟಾಪ್ ಡಿಸ್ಕೇ ಹಾಕಬೇಕೆಂದರೆ ಎರಡು ಷರತ್ತು: ಸಿಎಂಆರ್ ಆಗಿರಬೇಕು, ಎರಡು ಡಿಸ್ಕ್ ಸತ್ತರೂ ಬದುಕುವ ಜೋಡಣೆ ಇರಬೇಕು. ದುಡ್ಡಿನ ಲೆಕ್ಕ ಹೀಗಿದೆ. ನಾಲ್ಕು ನಾಸ್ ಡಿಸ್ಕಿನ ರೇಡ್ 5, ಐದು ಡೆಸ್ಕ್‌ಟಾಪ್ ಡಿಸ್ಕಿನ ರೇಡ್ 6 (ಎರಡು ಡಿಸ್ಕ್ ಸತ್ತರೂ ಬದುಕುವಂಥದ್ದು), ಎರಡರಲ್ಲೂ ಬಳಸಲು ಸಿಗುವುದು ಮೂರು ಡಿಸ್ಕಿನಷ್ಟು ಜಾಗ. ಡೆಸ್ಕ್‌ಟಾಪ್ ಡಿಸ್ಕ್ ಶೇ. 20 ಅಗ್ಗವಿದ್ದರೆ ಖರ್ಚು ಸರಿಸಮ, ಆಗ ಐದು ಡಿಸ್ಕಿನ ರೇಡ್ 6 ಹೆಚ್ಚು ಭದ್ರ. ಅದಕ್ಕಿಂತ ಕಡಿಮೆ ಅಂತರವಿದ್ದರೆ ನಾಸ್ ಡಿಸ್ಕ್ ಕೊಂಡು ಸುಮ್ಮನಾಗಿ. ಡಿಸ್ಕ್ ಕೂರಿಸಲು ನಾಲ್ಕೇ ಬೇ ಇದ್ದರೆ ರೇಡ್ 10 (ಎರಡೆರಡು ಡಿಸ್ಕಿನ ಜೋಡಿ, ಒಂದರ ನಕಲು ಇನ್ನೊಂದರಲ್ಲಿ) ಒಳ್ಳೆಯದು, ಒಂದೇ ಜೋಡಿಯ ಎರಡೂ ಸತ್ತರೆ ಮಾತ್ರ ಉಳಿಯುವುದಿಲ್ಲ. ರೀಬಿಲ್ಡ್‌ನಲ್ಲಿ ಜೊತೆಯ ಒಂದೇ ಡಿಸ್ಕ್ ಓದಿದರೆ ಮುಗಿಯಿತು, ಉಳಿದೆರಡಕ್ಕೆ ದಣಿವಿಲ್ಲ. ಲಿನಕ್ಸಿನ ಇನ್ನೊಂದು ಫೈಲ್ ಸಿಸ್ಟಮ್ ಆದ ಬಿಟಿಆರ್‌ಎಫ್‌ಎಸ್‌ನ ರೇಡ್ 5, 6 ಮುಟ್ಟಬೇಡಿ.

ಮದುವೆ ವಿಡಿಯೋ, ಹಳೆ ಫೋಟೋ, ಸಿನಿಮಾ ಸಂಗ್ರಹದಂತೆ ಒಮ್ಮೆ ಬರೆದು ಇಡುವ ಮಾಲಾದರೆ ಸ್ನ್ಯಾಪ್‌ರೇಡ್ ಅಥವಾ ಅನ್‌ರೇಡ್ ನೋಡಿ. ಇಲ್ಲಿ ಪ್ರತಿ ಡಿಸ್ಕಿಗೂ ತನ್ನದೇ ಫೈಲ್ ಸಿಸ್ಟಮ್, ಪ್ಯಾರಿಟಿ ಬೇರೆ ಡಿಸ್ಕಿನಲ್ಲಿ. ಲೆಕ್ಕಕ್ಕಿಂತ ಒಂದು ಡಿಸ್ಕ್ ಹೆಚ್ಚು ಸತ್ತರೂ ಹೋಗುವುದು ಸತ್ತ ಡಿಸ್ಕಿನಲ್ಲಿದ್ದದ್ದು ಮಾತ್ರ, ಉಳಿದವನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಓದಬಹುದು. ಬೇಡವಾದಾಗ ಡಿಸ್ಕ್ ನಿದ್ದೆ ಮಾಡಬಹುದಾದ್ದರಿಂದ 2400 ಗಂಟೆಯ ಮಿತಿಯೂ ಕಾಡದು. ಡೆಸ್ಕ್‌ಟಾಪ್ ಡಿಸ್ಕಿಗೆ ಒಪ್ಪುವ ಮನೆ ಇದು. ಎಸ್‌ಎಂಆರ್ ಕೂಡ ಡೇಟಾ ಡಿಸ್ಕಾಗಿ ನಡೆಯುತ್ತದೆ, ಪ್ಯಾರಿಟಿಗೆ ಮಾತ್ರ ಸಿಎಂಆರ್ ಇರಲಿ, ಅದು ಎಲ್ಲಕ್ಕಿಂತ ದೊಡ್ಡ ಡೇಟಾ ಡಿಸ್ಕಿನಷ್ಟೋ ಅದಕ್ಕಿಂತ ಹೆಚ್ಚೋ ದೊಡ್ಡದಿರಲಿ. ಸ್ನ್ಯಾಪ್‌ರೇಡ್‌ನಲ್ಲಿ ಕೊನೆಯ ಸಿಂಕ್ (ಪ್ಯಾರಿಟಿಯನ್ನು ಹೊಸದಾಗಿ ಬರೆಸುವ ಆಜ್ಞೆ) ನಂತರ ಹಾಕಿದ ಫೈಲಿಗೆ ರಕ್ಷಣೆಯಿಲ್ಲ ಅನ್ನುವುದು ನೆನಪಿರಲಿ.

ಯುಎಸ್‌ಬಿ ಹಾರ್ಡ್ ಡಿಸ್ಕಿನ ಡಬ್ಬ ಒಡೆದು ಒಳಗಿನ ಡಿಸ್ಕ್ ತೆಗೆಯುವುದು ಮೂರನೆಯ ದಾರಿ. 3.5 ಇಂಚಿನ 8 ಟಿಬಿ ಮೇಲ್ಪಟ್ಟ ಡಬ್ಬಗಳಲ್ಲಿ ಒಳ್ಳೆಯ ಸಿಎಂಆರ್ ಡಿಸ್ಕ್ ಸಿಗುವುದುಂಟು. ವಾರಂಟಿ ಕೈಬಿಟ್ಟಂತೆಯೇ ಅಂದುಕೊಳ್ಳಿ. ತೆಗೆದ ಡಿಸ್ಕ್ ತಿರುಗದಿದ್ದರೆ ಸತ್ತಿದೆ ಎಂದುಕೊಳ್ಳಬೇಡಿ: ಹೊಸ ಸಾಟಾ ನಿಯಮದಲ್ಲಿ ಪವರ್ ಕನೆಕ್ಟರಿನ ಮೂರನೇ ಪಿನ್‌ಗೆ 3.3 ವೋಲ್ಟ್ ಬಂದರೆ ಡಿಸ್ಕ್ ಆಫ್ ಆಗಬೇಕು, ಹಳೆ ಎಸ್‌ಎಂಪಿಎಸ್ ಅಲ್ಲಿ ಸದಾ 3.3 ವೋಲ್ಟ್ ಕೊಡುತ್ತಿರುತ್ತದೆ. ಆ ಪಿನ್ ಮೇಲೆ ಸಣ್ಣ ಕ್ಯಾಪ್ಟಾನ್ (ಕರೆಂಟ್ ಹರಿಯದ) ಟೇಪ್ ಚೂರು ಅಂಟಿಸಿದರೆ ಏಳುತ್ತದೆ. ಇದೇ ಕೆಲಸಕ್ಕೆ ಪ್ಲಾಸ್ಟಿಕ್ ಎರಕದ ಮೋಲೆಕ್ಸ್–ಸಾಟಾ ಪವರ್ ಅಡಾಪ್ಟರ್ ಬೇಡ, ಅವು ಒಳಗೇ ಶಾರ್ಟಾಗಿ ಸುಡುವುದುಂಟು. ಜೇಬಿನಲ್ಲಿ ಹಿಡಿಯುವ 2.5 ಇಂಚಿನವನ್ನು ಒಡೆಯಬೇಡಿ. ಹಲವುದರಲ್ಲಿ ಯುಎಸ್‌ಬಿ ಪೋರ್ಟ್ ಡಿಸ್ಕಿನ ಬೋರ್ಡಿಗೇ ಬೆಸೆದಿರುತ್ತದೆ.

ತಂದ ಮೇಲೆ

ಎಲ್ಲ ಡಿಸ್ಕನ್ನೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಕೊಳ್ಳದಿದ್ದರೆ ಒಳ್ಳೆಯದು, ಬ್ಯಾಚ್ ಬೇರೆಯಾಗುತ್ತದೆ. ಸೀರಿಯಲ್ ನಂಬರ್ ಹಾಕಿ ಕಂಪನಿಯ ತಾಣದಲ್ಲಿ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ನೋಡಿ. 2025ರ ಆರಂಭದಲ್ಲಿ ಯುರೋಪಿನಲ್ಲಿ ಬಳಸಿದ ಎಕ್ಸೋಸ್ ಡಿಸ್ಕ್‌ಗಳನ್ನು ಹೊಸದೆಂದು ಮಾರಿದ್ದು ಬೆಳಕಿಗೆ ಬಂತು. ಸ್ಮಾರ್ಟ್‌ನಲ್ಲಿ ಗಂಟೆ ಸೊನ್ನೆ ಮಾಡಿದ್ದರು, ಸೀಗೇಟ್‌ನ ಫಾರ್ಮ್ ಎಂಬ ಒಳ ದಾಖಲೆಯಲ್ಲಿ ಸಾವಿರಾರು ಗಂಟೆ ಉಳಿದಿತ್ತು. ಸ್ಮಾರ್ಟ್‌ಸಿಟಿಎಲ್‌ನ 7.4 ಮತ್ತು ನಂತರದ ಆವೃತ್ತಿ ಆ ದಾಖಲೆ ತೋರಿಸುತ್ತದೆ. ಎರಡು ಅಂಕಿ ತಾಳೆಯಾಗದಿದ್ದರೆ ಹಿಂದಿರುಗಿಸಿ.

ಡೇಟಾ ತುಂಬುವ ಮೊದಲು ಬ್ಯಾಡ್‌ಬ್ಲಾಕ್ಸ್ ಪ್ರೋಗ್ರಾಮಿನಿಂದ ಬರೆದು ಓದುವ ಪರೀಕ್ಷೆ ಮಾಡಿ, ಬ್ಲಾಕ್ ಅಳತೆ 4096 ಕೊಡಿ. 18 ಟಿಬಿ ಅಥವಾ ಅದಕ್ಕಿಂತ ದೊಡ್ಡದಾದರೆ 8192 ಕೊಡದೆ ಓಡುವುದಿಲ್ಲ. ನಾಲ್ಕು ಸಲ ಬರೆದು ನಾಲ್ಕು ಸಲ ಓದುತ್ತದೆ, 8 ಟಿಬಿಗೆ ಐದು ದಿನ. ಅವಸರವಿದ್ದರೆ ಒಂದೇ ಪ್ಯಾಟರ್ನ್ ಸಾಕು. ಆಮೇಲೆ ಸ್ಮಾರ್ಟ್‌ನ ಉದ್ದದ ಪರೀಕ್ಷೆ. 5, 197, 198 ಈ ಮೂರು ಅಂಕಿ (ಕೆಟ್ಟ ಸೆಕ್ಟರ್‌ಗಳ ಎಣಿಕೆ) ಸೊನ್ನೆಯಾಗಿಯೇ ಇರಬೇಕು. ಹೊಸ ಡಿಸ್ಕಿನಲ್ಲಿ ಒಂದೇ ಒಂದು ಬಂದರೂ ಅಂಗಡಿಗೆ ವಾಪಸ್.

ಪ್ರತಿ ಟ್ರೇ ಮೇಲೆ ಅದರೊಳಗಿನ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಬರೆದು ಅಂಟಿಸಿ. ಲಿನಕ್ಸ್ ಡಿಸ್ಕಿಗೆ ಕೊಡುವ 'ಎಸ್‌ಡಿಬಿ', 'ಎಸ್‌ಡಿಸಿ' ಎಂಬ ಹೆಸರುಗಳು ಬೂಟ್ ಆದಾಗಲೆಲ್ಲ ಅದಲು ಬದಲಾಗಬಹುದು, ಅವನ್ನು ನಂಬಿ ಡಿಸ್ಕ್ ಎಳೆಯಬೇಡಿ. ಸತ್ತ ಡಿಸ್ಕ್ ಬಿಟ್ಟು ಬದುಕಿರುವುದನ್ನು ಎಳೆದು ರೇಡ್ 5 ಕಳೆದುಕೊಳ್ಳುವುದು ಅಪರೂಪದ ಸಂಗತಿಯೇನಲ್ಲ. ಕರೆಂಟ್ ಹೋದಾಗ ತಾನಾಗಿ ಶಟ್‌ಡೌನ್ ಮಾಡಿಸಲು ಯುಪಿಎಸ್ಸಿನ ಯುಎಸ್‌ಬಿ ಕೇಬಲ್ ಸರ್ವರಿಗೆ ಸಿಕ್ಕಿಸಿ. ಎಷ್ಟೋ ಕಡೆ ಯುಪಿಎಸ್ ಇರುತ್ತದೆ, ಆ ಕೇಬಲ್ ಮಾತ್ರ ಡಬ್ಬದಲ್ಲೇ ಇರುತ್ತದೆ.

ಮೊದಲೇ ಕೊಂಡುಬಿಟ್ಟ ಎಸ್‌ಎಂಆರ್ ಡಿಸ್ಕ್ ಇದ್ದರೆ ಬ್ಯಾಕಪ್‌ಗೆ ಹಾಕಿ. ಯುಎಸ್‌ಬಿ ಡಾಕ್‌ನಲ್ಲಿ ಕೂರಿಸಿ ರಾತ್ರಿಯಿಡೀ ನಕಲು ಮಾಡಿ, ಬೆಳಿಗ್ಗೆ ತೆಗೆದು ಬೇರೆ ಮನೆಯ ಬೀರುವಿನಲ್ಲಿಡಿ. ಅಲ್ಲಿ ಅದರ ನಿಧಾನ ಯಾರಿಗೂ ಅಡ್ಡಿಯಲ್ಲ. ಕರಾವಳಿಯಾದರೆ ಮಳೆಗಾಲಕ್ಕೆ ಮುಂಚೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಜಿಪ್ ಕವರಿನಲ್ಲಿ ಹಾಕಿಡಿ, ಆರು ತಿಂಗಳಿಗೊಮ್ಮೆ ತೆಗೆದು ಒಂದೆರಡು ಫೋಲ್ಡರ್ ತೆರೆದು ನೋಡಿ.